ಕುಸುಬಿ ಎಣ್ಣೆ ಕುಡಿದ ಮೋಟಾರು

ನಮ್ಮ ಮನೆಗೆ ಬಂದವರು ಮೊದಲು ಎತ್ತುಗಳ ಮುಖ ನೋಡಿ ಆಮೇಲೆ ನಮ್ಮ ಮುಖ ನೋಡಬೇಕಿತ್ತು. ಬಸವನ ಬಾಗೇವಾಡಿಯ ಹಳೆಯ ಮನೆಗಳು ಬಹಳಷ್ಟು ಹಾಗೆಯೇ ಇದ್ದವು. ದೊಡ್ಡ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಗೋಡೆಗುಂಟ ಮೇವು ಹಾಕುವ ಗ್ವಾದಲಿ, ಎದುರಿಗೆ ನನ್ನ ಎದೆಮಟ್ಟದ ಕಟ್ಟೆಯ ಮೇಲೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಾಗಿರುತ್ತಿದ್ದ ಅಡಿಗೆಮನೆ. ನಾವು ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುವಾಗ ಎರಡು ಎತ್ತು, ಒಂದು ಎಮ್ಮೆ ಮೆಲುಕು ಹಾಕುತ್ತ ನಮ್ಮ ತಾಟುಗಳನ್ನೇ ನೋಡುತ್ತಿದ್ದವು. ಅಪ್ಪ ತಾಲೂಕು ಕೋರ್ಟಿನಲ್ಲಿ ವಕೀಲ. ಇಸ್ತ್ರಿ ಮಾಡಿದ ಕರಿ ಕೋಟು ಹಾಕಿಕೊಂಡು, ಸಗಣಿ ತುಳಿಯದಂತೆ ಕಾಲು ಎತ್ತೆತ್ತಿ ಇಡುತ್ತ ಅವನು ಹೊರಗೆ ಹೋಗುವುದನ್ನು ನೋಡಿ ನನಗೆ ದಿನಾ ನಗು. ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ಎಮ್ಮೆ ಇನ್ನೊಬ್ಬರ ಮನೆ ಸೇರಿತು. ಅದರ ಗೂಟ ಕಿತ್ತ ಜಾಗದಲ್ಲಿ, ಎತ್ತುಗಳ ಮಗ್ಗುಲಿಗೆ, ಗ್ವಾದಲಿಗೆ ಮುಖ ಮಾಡಿ ಒಂದು ಹಳೆಯ ಮೋಟಾರು ಬಂದು ನಿಂತಿತು.

ಹೊಸ್ತಿಲು ಒಡೆಯಲು ಆಯಿ ಒಪ್ಪಲಿಲ್ಲ. ಆಯಿ ಅಂದರೆ ಅಪ್ಪನ ತಾಯಿ, ಆ ಮನೆಯ ಹೈಕೋರ್ಟು. ಹೊಸ್ತಿಲಿನ ಎರಡೂ ಮಗ್ಗುಲಿಗೆ ಹಲಗೆ ಹಚ್ಚಿ, ನಾಲ್ಕು ಜನ ಹಿಂದಿನಿಂದ ನೂಕಿ ಮೋಟಾರನ್ನು ಒಳಗೆ ತಂದರು. ಆಯಿ ಅದರ ಸುತ್ತ ಒಂದು ಸುತ್ತು ಹಾಕಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಮುಂದಿನ ಜಾಳಿಗೆಯನ್ನು ಬಗ್ಗಿ ನೋಡಿದಳು.

"ಹಾಲು ಕೊಡೂ ಎಮ್ಮಿ ಕಳದು ಇದನ್ನ ತಂದಿ. ಹಾಲೂ ಇಲ್ಲ, ಕುಳ್ಳು ಬಡಿಯಾಕ ಹೆಂಡೀನೂ ಇಲ್ಲ. ಮೇವು ಮಾತ್ರ ತಿಂತೈತಿ."

ಆಯಿ ಹೇಳಿದ್ದು ಅಕ್ಷರಶಃ ಖರೆ ಆಯಿತು. ಆ ಮೋಟಾರು ನಮಗಿಂತ ಮೊದಲು ಮೂರು ಮನೆ ಉಂಡು ಬಂದಿತ್ತು. ಕಡೆಯದಾಗಿ ಅದನ್ನು ಇಟ್ಟುಕೊಂಡಿದ್ದ ಅರಳೆ ಗಿರಣಿಯ ಮಾಲೀಕರೊಬ್ಬರು ತಾವು ಹೊಸದು ತಂದು ಇದನ್ನು ಅಪ್ಪನಿಗೆ ದಾಟಿಸಿದ್ದರು. ಒಂದು ಕಾಲಕ್ಕೆ ಅದರ ಬಣ್ಣ ನೀಲಿಯಂತೆ. ಗುಂಡಿ ಒತ್ತಿದರೆ ಚಾಲೂ ಆಗುತ್ತಿರಲಿಲ್ಲ, ಮುಂದೆ ನಿಂತು ಹ್ಯಾಂಡಲ್ ತಿರುವಬೇಕು. ಬ್ರೇಕು ಒಮ್ಮೆ ತುಳಿದರೆ ಹತ್ತುತ್ತಿರಲಿಲ್ಲ, ಮೂರು ಸಲ ತುಳಿಯಬೇಕು, ಅಷ್ಟರೊಳಗೆ ಎದುರಿಗೆ ಬಂದವರು ತಾವೇ ಸರಿದು ನಿಲ್ಲುವುದು ಊರಿನ ರೂಢಿ ಆಯಿತು. ಹಿಂದಿನ ಎಡಬಾಗಿಲು ಹಾಕಿಕೊಳ್ಳುತ್ತಿರಲಿಲ್ಲವಾದ್ದರಿಂದ ಅದಕ್ಕೆ ಎಮ್ಮೆ ಬಿಟ್ಟುಹೋಗಿದ್ದ ಕಣ್ಣಿಹಗ್ಗವನ್ನೇ ಕಟ್ಟಿದ್ದರು. ಹಾರ್ನು ಎಡಕ್ಕೆ ತಿರುಗುವಾಗ ಮಾತ್ರ ಕೂಗುತ್ತಿತ್ತು, ಅದೂ ಯಾರೂ ಒತ್ತದೆ. ರಿಪೇರಿಯ ಖರ್ಚನ್ನು ನಾನು ರೂಪಾಯಿಯಲ್ಲಿ ಹೇಳಲಾರೆ, ಆಗ ಮಕ್ಕಳ ಮುಂದೆ ಯಾರೂ ಅದನ್ನು ಆಡುತ್ತಿರಲಿಲ್ಲ. ಆದರೆ ಯಾವ ರಿಪೇರಿಗೆ ಮನೆಯ ಏನು ಹೋಯಿತು ಎಂಬುದು ಪಕ್ಕಾ ನೆನಪಿದೆ. ಡೈನಮೊ ಸುಟ್ಟಾಗ ಅವ್ವನ ದೀಪಾವಳಿಯ ಇಳಕಲ್ಲ ಸೀರೆ ಮುಂದಿನ ವರ್ಷಕ್ಕೆ ಹೋಯಿತು. ಕ್ಲಚ್ ಪ್ಲೇಟು ಸವೆದಾಗ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ನಿಂತಿತು, ಆ ಮಳೆಗಾಲ ಪಡಸಾಲೆಯಲ್ಲಿ ನಾಲ್ಕು ಕಡೆ ಬೋಗುಣಿ ಇಟ್ಟುಕೊಂಡು ಕಳೆದೆವು. ಹಿಂದಿನ ಎರಡು ಟಾಯರು ಅಂದರೆ ನನಗೆ ಮಾಡಿಸಬೇಕೆಂದಿದ್ದ ಬೆಳ್ಳಿಯ ಕಾಲುಚೈನು. ಅವ್ವ ಎದುರು ನಿಂತು ಜಗಳವಾಡುವವಳಲ್ಲ. ಗಾಡಿಯ ಸಾಮಾನು ಬಂದ ದಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಗುತ್ತಿತ್ತು. ಒಂದೇ ಒಂದು ಸಲ, ತಾಟಿಗೆ ರೊಟ್ಟಿ ಹಾಕುತ್ತ ಅಪ್ಪನಿಗೆ ಅಂದಳು.

"ಸವತಿ ತಂದ್ರಿ, ಇರ್ಲಿ. ಆದ್ರ ಆಕಿಗೆ ವರ್ಷಕ್ಕ ನಾಕ ಸೀರಿ, ನನಗ ಒಂದೂ ಇಲ್ಲ ಅಂದ್ರ ಹ್ಯಾಂಗ್ರಿ?"

ಅಪ್ಪ ರೊಟ್ಟಿಯ ಕಡೆ ನೋಡುತ್ತ ಉಂಡು ಎದ್ದ.

ಮೋಟಾರಿನ ಹಿಂದೆಯೇ ನಮ್ಮ ಮನೆಗೆ ಬಂದವನು ದಸ್ತಗೀರ ಮೇಸ್ತ್ರಿ. ನನಗೆ ದಸ್ತಗೀರ ಕಾಕಾ. ಎತ್ತರದ ಸಣಕಲ ಮನುಷ್ಯ, ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಒಂದು ಶೆಡ್ಡು ಹಾಕಿಕೊಂಡಿದ್ದ. ಎಂಜಿನ್ನಿಗೆ ಒಂದು ಬಡಿಗೆಯ ತುದಿ ಹಚ್ಚಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಎಲ್ಲಿ ನೋವು ಎಂದು ಅವನಿಗೆ ಹಾಗೆಯೇ ತಿಳಿಯುತ್ತಿತ್ತು. ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದ, ಬಂದ ದಿನ ಪಡಸಾಲೆಯ ಅಂಚಿಗೆ ಕಾಲು ಇಳಿಬಿಟ್ಟು ಕೂತು ರೊಟ್ಟಿ, ಪುಂಡಿಪಲ್ಲೆ ಉಂಡೇ ಹೋಗುತ್ತಿದ್ದ. ಒಂದು ದಿನ ಮೋಟಾರು ಕುಡಿದ ನೀರನ್ನೆಲ್ಲ ಕೆಳಗೆ ಬಿಡತೊಡಗಿತು. ಎತ್ತುಗಳ ಕಾಲ ಕೆಳಗೆಲ್ಲ ರಾಡಿ. ಕಾಕಾ ಬಗ್ಗಿ ನೋಡಿ ಎದ್ದು ನಿಂತ.

"ಆಯಿ, ಒಂದ ಹಿಡಿ ಅರಿಷಿಣಪುಡಿ ಕೊಡ್ರಿ."

"ಯಾಕೋ, ಅದಕ್ಕೇನ ಗಾಯ ಆಗೈತೇನು?"

"ಗಾಯಾನ ಅನ್ರಿ. ನೀರಿನ ಡಬ್ಬಿಗೆ ಸಣ್ಣ ಸಣ್ಣ ತೂತು ಬಿದ್ದಾವು. ಅರಿಷಿಣ ಅದರಾಗ ಹೋಗಿ ಕುಂದ್ರತೈತಿ, ಸೋರೂದು ನಿಂದರತೈತಿ."

ಹೊಸ ಡಬ್ಬಿಯ ಖರ್ಚು ಉಳಿಸಲು ಆ ಕಾಲದ ಮೇಸ್ತ್ರಿಗಳು ಎಲ್ಲರೂ ಮಾಡುತ್ತಿದ್ದದ್ದು ಅದು. ಅರಿಷಿಣ ಹಾಕಿದ ಮೇಲೆ ಸೋರುವುದು ನಿಂತೇ ಬಿಟ್ಟಿತು. ಆ ದಿನದಿಂದ ಮೋಟಾರಿನ ಬಗ್ಗೆ ಆಯಿಯ ಮಾತು ಬದಲಾಯಿತು. ಅರಿಷಿಣಕ್ಕೆ ಮಾಯುವ ಗಾಯವಿದ್ದ ಮೇಲೆ ಅದೂ ಒಂದು ಜೀವವೇ ಎಂದು ಅವಳಿಗೆ ಅನ್ನಿಸಿರಬೇಕು. ಮುಂಜಾನೆ ಎತ್ತುಗಳ ಬೆನ್ನು ಸವರಿದ ಮೇಲೆ ಅದರ ಬಾನೆಟ್ಟಿನ ಮೇಲೂ ಒಮ್ಮೆ ಕೈ ಆಡಿಸಿ ಒಳಗೆ ಬರುತ್ತಿದ್ದಳು.

ಅಪ್ಪ ಈ ಮೋಟಾರನ್ನು ಯಾಕೆ ತಂದ ಎಂಬುದನ್ನು ಇಲ್ಲಿ ಹೇಳಬೇಕು. ಊರಿಗೆಲ್ಲ ಅವನು ಹೇಳಿದ್ದು, ಸಿಂದಗಿ, ಮುದ್ದೇಬಿಹಾಳದ ಕೋರ್ಟುಗಳಿಗೆ ಓಡಾಡಬೇಕು ಎಂದು. ಖರೆ ಕಾರಣ ಬೇರೆ. ಆಯಿಯ ತವರು ಇಂಡಿ ತಾಲೂಕಿನ ತಾಂಬಾ. ಅಲ್ಲಿ ಅವಳಿಗೆ ಇದ್ದವನು ಒಬ್ಬನೇ ತಮ್ಮ, ಸಿದ್ದಪ್ಪ. ಪಂಚಮಿಗೆ ಅಣ್ಣತಮ್ಮಂದಿರು ಬಂಡಿ ಕಟ್ಟಿಕೊಂಡು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಕರೆಯದೆ ತಾನೇ ಹೋದವಳನ್ನು ಮಂದಿ ಹಗುರಾಗಿ ಕಾಣುತ್ತಾರೆ. ನಾನು ಹುಟ್ಟುವ ಬಹಳ ಮೊದಲು ಒಂದು ವರ್ಷ ತಾಂಬಾದ ಬಂಡಿ ಬರಲಿಲ್ಲ. ಆಯಿ ಟ್ರಂಕು ಕಟ್ಟಿಕೊಂಡು, ತಲೆಗೆ ಹೂ ಮುಡಿದು, ಹೊತ್ತು ಮುಳುಗುವ ತನಕ ಕಟ್ಟೆಯ ಮೇಲೆ ಕೂತಿದ್ದಳಂತೆ. ಆಮೇಲೆ ಹೂ ಕಿತ್ತು ಎತ್ತಿಗೆ ಹಾಕಿ, ತವರ ಬಂಡಿ ಈ ಬಾಗಿಲಿಗೆ ಬರುವ ತನಕ ತಾಂಬಾದ ಮಣ್ಣು ಮೆಟ್ಟುವುದಿಲ್ಲ ಎಂದು ಆಣೆ ಮಾಡಿದಳು. ತಮ್ಮನೂ ಬರಲಿಲ್ಲ, ಇವಳೂ ಹೋಗಲಿಲ್ಲ. ನಡುವೆ ಎರಡೂ ಮನೆಯಲ್ಲಿ ಮದುವೆಗಳಾದವು, ಕಾಗದಗಳು ಬಂದು ಹೋದವು, ಇಪ್ಪತ್ತು ವರ್ಷ ಕಳೆಯಿತು. ಬಸ್ಸಿನಲ್ಲಿ ಹೋಗೋಣ ಎಂದರೆ, ತಿಕೀಟು ತೆಗೆಸಿಕೊಂಡು ತವರಿಗೆ ಹೋಗುವುದೇನು ಎಂದು ಸಿಟ್ಟಿಗೇಳುತ್ತಿದ್ದಳು. ಮಗನ ಸ್ವಂತ ಗಾಡಿಯಲ್ಲಾದರೆ ಬಂದಾಳು ಎಂಬ ಆಸೆಯಿಂದ ಅಪ್ಪ ಇದನ್ನು ತಂದಿದ್ದ. ಆಯಿ ಅದಕ್ಕೂ ಜಪ್ಪಯ್ಯ ಅನ್ನಲಿಲ್ಲ.

"ಮಗನ ಬಂಡಿ ಬ್ಯಾರೆ, ತವರ ಬಂಡಿ ಬ್ಯಾರೆ. ನನಗ ಹುಚ್ಚಿ ಮಾಡಬ್ಯಾಡ."

ಹೀಗಿರುವಾಗ ಕಾರಹುಣ್ಣಿಮೆ ಬಂತು. ಆ ದಿನ ನಮ್ಮ ಮನೆಯಲ್ಲಿ ಎತ್ತುಗಳೇ ಯಜಮಾನರು. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಬೇಸಾಯಕ್ಕೆ ಗಟ್ಟಿಯಾಗಲಿ ಎಂದು ಅವಕ್ಕೆ ಗೊಟ್ಟ ಹಾಕುತ್ತಿದ್ದರು. ಗೊಟ್ಟ ಎಂದರೆ ಬಿದಿರಿನ ಕೊಳವೆ. ಅದರಲ್ಲಿ ಕುಸುಬಿ ಎಣ್ಣೆ, ಅರಿಷಿಣ, ಮಜ್ಜಿಗೆ ತುಂಬಿ, ಎತ್ತಿನ ಮೂತಿ ಎತ್ತಿ ಹಿಡಿದು ಗಂಟಲಿಗೆ ಇಳಿಸುವುದು. ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡು ಅಡ್ಡಾಗಿದ್ದಾಗ ಆಯಿ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಅವಳ ಕೈಯಲ್ಲಿ ತಂಬಿಗೆಯ ತುಂಬ ಅರಿಷಿಣ ಕದಡಿದ ಕುಸುಬಿ ಎಣ್ಣೆ, ಬಗಲಲ್ಲಿ ಗೊಟ್ಟ.

"ಕಮಲಿ, ಇದಕ್ಕ ಎಣ್ಣಿ ಹಾಕೂ ಬಾಯಿ ಯಾವುದ? ನೀ ನೋಡಿದ್ಯಲ್ಲ?"

"ಆಯಿ, ಕಾಕಾ ಬೈದಾನು."

"ಯಾಕ ಬೈತಾನ? ಅರಿಷಿಣ ಹಾಕಿದಾವ ಅವನ. ಅರಿಷಿಣ ಕುಡ್ಯೂದು ಎಣ್ಣಿ ಒಲ್ಲೆ ಅಂತೈತೇನು? ಮಜ್ಜಿಗಿ ಹಾಕಿಲ್ಲ, ಅದಕ್ಕ ಆಗಿ ಬರಾಂಗಿಲ್ಲ ಅಂತ ನನಗೂ ತಿಳೀತೈತಿ. ಗಟ್ಟಿ ಆಗಲಿ ಇದು. ತಾಂಬಾ ಅಂದ್ರ ದೂರ ಐತಿ."

ತಾಂಬಾ ಎಂದಾಗ ಅವಳು ಗೊಟ್ಟವನ್ನು ಬಗಲಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಬಾಯಲ್ಲಿ ಒಲ್ಲೆ ಒಲ್ಲೆ ಎನ್ನುವ ಆಯಿ ಒಳಗೊಳಗೆ ಹೋಗಲು ಹಾತೊರೆಯುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ. ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸುವುದು, ಎಣ್ಣೆಯ ಮುಚ್ಚಳ ತಿರುವಿ ತೆಗೆಯುವುದು ಕಾಕಾನನ್ನು ನೋಡಿ ನೋಡಿ ನನಗೆ ಬರುತ್ತಿತ್ತು. ನಾನು ಗೊಟ್ಟ ಹಿಡಿದೆ, ಆಯಿ ಸುರುವಿದಳು. ತಂಬಿಗೆ ಖಾಲಿ ಆಯಿತು. ಯಾರ ಮುಂದೆಯೂ ಹೇಳಬೇಡ ಎಂದು ನನ್ನ ಗಲ್ಲ ಹಿಂಡಿ, ಉಳಿದ ಅರಿಷಿಣವನ್ನು ಗಾಡಿಯ ಹಣೆಗೆ ಹಚ್ಚಿದಳು.

ನಾಲ್ಕೇ ದಿನದಲ್ಲಿ ನಮ್ಮ ಮೋಟಾರು ಹೋದಲ್ಲೆಲ್ಲ ಭಜಿ ಕರಿಯುವ ವಾಸನೆ ಏಳತೊಡಗಿತು. ಅಪ್ಪ ಕೋರ್ಟಿನ ಮುಂದೆ ಗಾಡಿ ನಿಲ್ಲಿಸಿದರೆ ಕಕ್ಷಿದಾರರು ಹೋಟೆಲು ಎಲ್ಲಿ ಎಂದು ಅತ್ತಿತ್ತ ನೋಡುತ್ತಿದ್ದರಂತೆ. ಹದಿನೈದು ದಿನಕ್ಕೆ ಹೊಗೆ, ಆಮೇಲೆ ಒಳಗಿನಿಂದ ಕಟಕಟ ಸಪ್ಪಳ. ದಸ್ತಗೀರ ಕಾಕಾ ಬಂದು, ಕೆಳಗಿನ ನಟ್ಟು ಬಿಚ್ಚಿ ಎಣ್ಣೆ ಇಳಿಸಿದ. ಅಂಟು ಅಂಟಾದ, ಅರಿಷಿಣ ಬಣ್ಣದ ಒಂದು ಮುದ್ದೆ ಬೋಗುಣಿಗೆ ಬಿತ್ತು. ಅಪ್ಪ ಮಗ್ಗುಲಲ್ಲೇ ನಿಂತಿದ್ದ, ಆಯಿ ಆಗ ಬಸವಣ್ಣನ ಗುಡಿಗೆ ಹೋಗಿದ್ದಳು. ಪಡಸಾಲೆಯಲ್ಲಿ ಪಾಟಿ ಹಿಡಿದು ಕೂತಿದ್ದವಳು ನಾನೊಬ್ಬಳೇ.

"ಸಾಹೇಬ್ರ, ಇದು ನಾ ಹಾಕಿದ ಎಣ್ಣಿ ಅಲ್ರಿ."

"ನೀ ಅಲ್ಲಂದ್ರ ಮತ್ತ್ಯಾರು? ಈ ಮನ್ಯಾಗ ಎಂಜಿನ್ನಿಗೆ ಕೈ ಹಚ್ಚಾವ ನೀ ಒಬ್ಬನ. ಚಲೋ ಎಣ್ಣಿ ರೊಕ್ಕ ಇಸಗೊಂಡು ಎಂಥಾ ಹೊಲಸ ತಂದು ಸುರುವೀದಿ?"

"ದೇವರಾಣಿ ನಂಗೊತ್ತಿಲ್ರಿ. ಅದೇನರೆ ಇರ್ಲಿ, ಎಂಜಿನ್ ಪೂರಾ ಬಿಚ್ಚಿ ತೊಳೀಬೇಕು. ಹಿಂಗ ಓಡ್ಸಿದ್ರ ಹಾದ್ಯಾಗ ಹಿಡಕೊಂಡು ಬಿಡ್ತೈತಿ."

"ಮತ್ತೊಂದ ಖರ್ಚಿನ ದಾರಿ ತೋರಸಬ್ಯಾಡ. ಎದ್ದ ಹೋಗು. ಇನ್ನ ಈ ಹೊಸ್ತಿಲ ತುಳೀಬ್ಯಾಡ."

ಕಾಕಾ ನಟ್ಟು ತಿರುವುವ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಹೋಗುವಾಗ ನನ್ನ ಕಡೆ ನೋಡಿ ನಗಲು ಹೋದ, ಆಗಲಿಲ್ಲ. ನಾನು ಪಾಟಿಯ ಮೇಲೆ ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದೆ. ಬಾಯಿ ಬಿಟ್ಟರೆ ಆಯಿಯ ಗುಟ್ಟು ಹೊರಗೆ ಬೀಳುತ್ತದೆ, ಬಿಡದಿದ್ದರೆ ಕಾಕಾ ಕಳ್ಳನಾಗುತ್ತಾನೆ. ಇದರಲ್ಲಿ ಯಾವುದು ಹೆಚ್ಚು ಎಂದು ತೂಗಲು ನನಗೆ ಬರಲಿಲ್ಲ, ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ ಇದೆ. ದಸ್ತಗೀರ ಯಾಕೆ ಊಟಕ್ಕೆ ಬರವಲ್ಲ ಎಂದು ಆಯಿ ಎರಡು ಮೂರು ಸಲ ಕೇಳಿದಾಗಲೂ ಗೊತ್ತಿಲ್ಲ ಅಂದೆ. ಅಪ್ಪ ಬೇರೊಬ್ಬ ಮೇಸ್ತ್ರಿಯಿಂದ ಹೊಸ ಎಣ್ಣೆ ಹಾಕಿಸಿದ. ವಾಸನೆ ಹೋಯಿತು, ಸಪ್ಪಳ ಉಳಿಯಿತು.

ಪಂಚಮಿ ಒಂದು ವಾರ ಇರುವಾಗ ಸಂತೆಗೆ ಬಂದಿದ್ದ ತಾಂಬಾದವರೊಬ್ಬರು ಸುದ್ದಿ ತಂದರು. ಸಿದ್ದಪ್ಪನ ಕಣ್ಣಿನ ನರ ಒಣಗುತ್ತಿವೆ, ಔಷಧವಿಲ್ಲ. ಎದುರಿಗೆ ಆಳು ನಿಂತದ್ದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಗೇಣು ದೂರಕ್ಕೆ ಬಂದರೆ ಮುಖ ಕಾಣುತ್ತದೆ. ಅಷ್ಟು ಬೆಳಕೂ ಇನ್ನು ಕೆಲವು ತಿಂಗಳ ಮಾತು. ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಸನು ಮಾಡಿದ ಜೋಳವನ್ನೇ ಮತ್ತೆ ಕೇರಿದಳು. ಪಂಚಮಿಯ ಮುಂಜಾನೆ ಹಳೆಯ ಇಳಕಲ್ಲ ಸೀರೆ ಉಟ್ಟು, ಉಂಡಿಯ ಗಂಟು ಹಿಡಿದು ಕಟ್ಟೆ ಇಳಿದು ಬಂದಳು.

"ಗುರು, ಗಾಡಿ ಹೊರಗ ತಗಿ."

ಅಪ್ಪ ಓಡಿ ಹೋಗಿ ಹೊಸ್ತಿಲಿಗೆ ಹಲಗೆ ಹಚ್ಚಿದ. ಅವ್ವ ಆಯಿಗೆ ಕುಂಕುಮ ಹಚ್ಚಿದಳು. ಹಿಂದಿನ ಸೀಟಿನಲ್ಲಿ ಆಯಿ, ಅವಳ ಪಕ್ಕ ಕಣ್ಣಿ ಕಟ್ಟಿದ ಬಾಗಿಲು ಹಿಡಿದುಕೊಂಡು ನಾನು. ಮನಗೂಳಿಯಲ್ಲಿ ಗಾಡಿಗೆ ಒಮ್ಮೆ ನೀರು ಕುಡಿಸಿದೆವು. ಆಯಿ ದಾರಿಯುದ್ದಕ್ಕೂ ಮುಂದಿನ ಸೀಟಿನ ಬೆನ್ನು ತಟ್ಟುತ್ತ, ನಡಿಯಪ್ಪಾ, ನಡಿ ನನ್ನ ರಾಜಾ ಎಂದು ಗಾಡಿಗೆ ಹೇಳುತ್ತಿದ್ದಳು. ತಾಂಬಾ ಇನ್ನು ಒಂದು ಹರದಾರಿ ಇರುವಾಗ, ಎರಡೂ ಕಡೆ ಹೆಸರಿನ ಹೊಲ ಇದ್ದಲ್ಲಿ, ಎಂಜಿನ್ ಒಮ್ಮೆ ಚೀರಿ ಕಟಕ್ಕನೆ ನಿಂತಿತು. ಅಪ್ಪ ಇಳಿದು ಹ್ಯಾಂಡಲ್ ಹಾಕಿದ, ಅದು ಕೂದಲೆಳೆಯಷ್ಟೂ ತಿರುಗಲಿಲ್ಲ. ಕಾಕಾ ಹೇಳಿದ ಹಾಗೆಯೇ ಹಿಡಿದುಕೊಂಡಿತ್ತು. ತಾಂಬಾದ ಕಡೆ ಸೈಕಲ್ ಮೇಲೆ ಹೊರಟಿದ್ದ ಒಬ್ಬನಿಗೆ ಅಪ್ಪ, ಗಾಡಿ ಕೆಟ್ಟು ಸಿದ್ದಪ್ಪನವರ ಅಕ್ಕ ಇಲ್ಲಿ ಕೂತಿದ್ದಾಳೆ ಎಂದು ಹೇಳಿ ಕಳಿಸಿದ. ಆಮೇಲೆ ಆಯಿಗೆ, ನಿಧಾನಕ್ಕೆ ನಡೆಯೋಣ ಬಾ ಎಂದ.

"ನಾ ಇಳ್ಯಾಂಗಿಲ್ಲ. ನಡಕೋತ ತವರಿಗೆ ಹೋಗಲೇನು, ಮಂದಿ ನೋಡಿ ನಗಲಿ ಅಂತ? ಬಂದ ದಾರಿಗೆ ಸುಂಕ ಇಲ್ಲದಾಂಗ ಹೊಳ್ಳಿ ಹೋಗೂಣು."

ಆಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಎರಡು ತಾಸು ಕಳೆದಿರಬೇಕು. ತಾಂಬಾದ ಕಡೆಯಿಂದ ಗೆಜ್ಜೆಸರದ ಸಪ್ಪಳ ಕೇಳಿತು. ಎರಡು ಬಿಳಿ ಎತ್ತು, ಹೆಗಲ ಮೇಲೆ ನೊಗ, ನೊಗಕ್ಕೆ ಬಂಡಿಯ ಬದಲು ದಪ್ಪ ಹಗ್ಗ. ಸೈಕಲ್ಲಿನವನು ಮುಂದೆ ನಡೆಸುತ್ತಿದ್ದ. ಬಲಗಡೆಯ ಎತ್ತಿನ ಇಣಿಯ ಡುಬ್ಬದ ಮೇಲೆ ಕೈ ಇಟ್ಟುಕೊಂಡು, ಅದು ನಡೆದಂತೆ ನಡೆಯುತ್ತ ಒಬ್ಬ ಮುದುಕ ಬಂದ. ಬಾನೆಟ್ಟಿಗೆ ಕೈ ತಾಗಿದಾಗ ನಿಂತ. ಆಮೇಲೆ ಗಾಡಿಯ ಮೈ ಸವರುತ್ತ, ದೀಪ, ಮುಂದಿನ ಬಾಗಿಲು, ಎಲ್ಲ ಮುಟ್ಟಿ ಮುಟ್ಟಿ ಆಯಿ ಕೂತ ಕಿಟಕಿಗೆ ಬಂದ. ತಲೆ ಒಳಗೆ ಹಾಕಿ, ಆಯಿಯ ಮುಖದ ಹತ್ತಿರ ಮುಖ ತಂದು, ಬಹಳ ಹೊತ್ತು ನೋಡಿದ.

"ಅಕ್ಕಾ, ಬಂಡಿ ತಂದೀನಿ."

"ಇಪ್ಪತ್ತ ವರ್ಷ ತಡ ಮಾಡಿದಿ."

"ಆ ವರ್ಷ ಪಂಚಮಿ ಮುಂದ ಎತ್ತು ಸತ್ತಿತ್ತ ಅಕ್ಕಾ. ಮಂದಿ ಎತ್ತು ಕೇಳಾಕ ನಾಚಿಕಿ ಬಂತು. ಮುಂದಿನ ವರ್ಷ ಬರೂನಂದ್ರ ನೀ ಆಣಿ ಮಾಡೀದಿ ಅಂತ ಸುದ್ದಿ ಬಂತು. ಹೆದರಿದೆ."

"ಹೇಳಿ ಕಳಸಬಾರದಾಗಿತ್ತೇನೋ ಹುಚ್ಚಪ್ಪಾ? ಒಂದ ಮಾತು."

"ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಣ್ಣ ಹುಡುಗರ ಹಾಗೆ ಅತ್ತರು. ನನ್ನೊಳಗೆ ಕಾರಹುಣ್ಣಿಮೆಯಿಂದ ಕೂತಿದ್ದದ್ದು ಆಗ ತಾನೇ ತಾನಾಗಿ ಹೊರಗೆ ಬಂತು.

"ಅಪ್ಪಾ, ಕುಸುಬಿ ಎಣ್ಣಿ ನಾ ಹಾಕಿದ್ದು. ಕಾಕಾ ಅಲ್ಲ."

ಅಪ್ಪ ನನ್ನನ್ನು ನೋಡಿದ, ಆಯಿಯನ್ನು ನೋಡಿದ.

"ನಾನ ಹಾಕ್ಸೀನೆಪಾ," ಅಂದಳು ಆಯಿ, ಕಣ್ಣು ಒರೆಸಿಕೊಳ್ಳುತ್ತ. "ಎತ್ತಿಗೆ ಹಾಕಿದಾಂಗ ಹಾಕ್ಸಿದೆ. ಕೂಸಿಗೆ ಏನೂ ಅನಬ್ಯಾಡ. ದಸ್ತಗೀರಗೇನಾತು?"

ಅಪ್ಪ ರಸ್ತೆಯ ಅಂಚಿಗೆ ಕೂತುಬಿಟ್ಟ. ದಸ್ತಗೀರಗ ನಾ ಏನೇನ ಅಂದೆ, ಏನೇನ ಅಂದೆ ಎಂದು ಎರಡು ಸಲ ಅಂದ. ಅಷ್ಟರಲ್ಲಿ ಮುಂದಿನ ಬಂಪರಿಗೆ ಹಗ್ಗ ಬಿಗಿದಿದ್ದರು. ತವರ ಎತ್ತು ಮುಂದೆ, ಮಗನ ಗಾಡಿ ಹಿಂದೆ, ಆಯಿ ಸೆರಗು ಸರಿಮಾಡಿಕೊಂಡು ಸೀಟಿನಲ್ಲಿ ನೆಟ್ಟಗೆ ಕೂತು ತಾಂಬಾ ಹೊಕ್ಕಳು. ನಮ್ಮನ್ನು ನೋಡಿದ ಊರು ನಗಲಿಲ್ಲ ಎಂದು ಹೇಳಲಾರೆ, ಆದರೆ ಅವಳಿಗೆ ಅದು ಕೇಳಿಸಲಿಲ್ಲ.

ಮರುದಿನ ಅಪ್ಪ ಬಸ್ಸು ಹಿಡಿದು ಬಾಗೇವಾಡಿಗೆ ಹೋಗಿ, ದಸ್ತಗೀರ ಕಾಕಾನನ್ನು ಕರೆದುಕೊಂಡೇ ಬಂದ. ಅಪ್ಪ ಅವನ ಮುಂದೆ ಏನು ಹೇಳಿದನೋ ಇಬ್ಬರೂ ಯಾರಿಗೂ ಹೇಳಲಿಲ್ಲ. ಕಾಕಾನಿಗೆ ಬಡಿಗೆ ಹಚ್ಚಿ ಕೇಳುವ ಕೆಲಸವೂ ಇರಲಿಲ್ಲ, ಒಳಗೆ ಸಪ್ಪಳವೇ ಇರಲಿಲ್ಲ. ಎಂಜಿನ್ ಪೂರಾ ಬಿಚ್ಚಬೇಕು, ಎಂಟು ಹತ್ತು ದಿನದ ಕೆಲಸ ಅಂದ. ಗಾಡಿ ಎದ್ದ ಮೇಲೆ ಅದರಲ್ಲೇ ಬರುತ್ತೇನೆ ಎಂದು ಆಯಿ ತಾಂಬಾದಲ್ಲೇ ಉಳಿದಳು. ಎಂಟು ದಿನ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ನಾಲ್ಕಾಯಿತು. ಪ್ರತಿ ಸಲ ಕಾಕಾ ತಾಂಬಾದಿಂದ ಬಂದು, ಒಂದು ವಾಶರ್ ಸಿಗವಲ್ದು ಸಾಹೇಬ್ರ, ಸೋಲಾಪುರಕ್ಕೆ ಹೇಳೀನಿ ಎನ್ನುತ್ತಿದ್ದ. ಒಂದು ವಾಶರಿಗೆ ನಾಲ್ಕು ತಿಂಗಳೇನೋ ಎಂದು ಅಪ್ಪ ಕೂಗಾಡುತ್ತಿದ್ದ, ಕಾಕಾ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆ ರಿಪೇರಿಗೆ ಅವ್ವನ ಎರಡನೆಯ ದೀಪಾವಳಿಯ ಸೀರೆಯೂ ಹೋಯಿತು. ಈ ಸಲ ರೊಟ್ಟಿಯ ಸಪ್ಪಳ ಜೋರಾಗಲಿಲ್ಲ. ದೀಪಾವಳಿಗೆ ನಾವು ಹೋದಾಗ ಆಯಿ ಅಂಗಳದ ಬಿಸಿಲಿನಲ್ಲಿ ತಮ್ಮನ ಎದುರಿಗೆ, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಚಳಿ ಬಿದ್ದ ಮೇಲೆ ಒಂದು ದಿನ ಗಾಡಿ ಎದ್ದಿತು, ಆಯಿ ಮನೆಗೆ ಬಂದಳು.

ಎಷ್ಟೋ ವರ್ಷಗಳ ಮೇಲೆ, ಆಯಿಯೂ ಗಾಡಿಯೂ ಇಲ್ಲವಾದ ಮೇಲೆ, ಮುದುಕನಾದ ದಸ್ತಗೀರ ಕಾಕಾನನ್ನು ಅವನ ಮನೆಯಲ್ಲಿ ಕಂಡೆ. ಪಾಟಿ ಹಿಡಿದು ಸುಮ್ಮನೆ ಕೂತಿದ್ದ ಆ ದಿನದ ಮಾತು ತೆಗೆದು, ತಪ್ಪಾಯಿತು ಅಂದೆ. ಅವನು ನಕ್ಕ.

"ಮೊದಲ ಸಲ ನಿಮ್ಮಪ್ಪ ಬೈದಾಗ ನಾ ಏನೂ ಮಾಡಿರಲಿಲ್ಲ ಯವ್ವಾ, ಅದಕ್ಕ ಸಂಕಟ ಆತು. ಎರಡನೇ ಸಲ ಬೈದದ್ದಕ್ಕ ಏನೂ ಅನಸಲಿಲ್ಲ. ವಾಶರ್ ನನ್ನ ಕಿಸೇದಾಗ ಇತ್ತು. ಎಂಟನೇ ದಿನಕ್ಕ ಬಂದಿತ್ತು. ನಿಮ್ಮ ಆಯಿ ಕೈ ಹಿಡಕೊಂಡು ಹೇಳಿದ್ಲು, ತಮ್ಮಗ ಇನ್ನಾ ನನ್ನ ಮುಖ ಕಾಣತೈತೋ, ಅವಸರ ಮಾಡಬ್ಯಾಡ ಅಂತ. ತಾಂಬಾದಾಗ ಒಂದಿನ ಮುಂಜಾನೆ ತಾನ ನನ್ನ ಕಡೆ ಬಂದ್ಲು. ಎತ್ತಿನ ಬೆನ್ನು ಸವರಿದಾಂಗ ಗಾಡಿ ಮ್ಯಾಲ ಕೈ ಆಡಿಸಿದ್ಲು. ಆಮ್ಯಾಲ, ಇನ್ನ ಎಬ್ಬಸೋ ದಸ್ತಗೀರ ಅಂದ್ಲು."